ದಂಡೆಯ ಮೇಲಿನ ಮೊದಲ ಮಾತು: ಘಟಪ್ರಭೆಯಿಂದ ಕೃಷ್ಣೆಯವರೆಗೆ ಗಾಳದ ಪ್ರವಾಸ

ಮೊದಲ ದಿನ: ಬೆಳಗಾವಿಯಿಂದ ಹಿಡಕಲ್‌ಗೆ

ಮೀನು ಹಿಡಿಯಲು ಯಾವ ಊರಿಗೆ ಹೋದರೂ ನಮ್ಮ ಕಾಕಾ ಮೊದಲು ಕೇಳುವುದು ಮೀನುಗಾರಿಕೆ ಇಲಾಖೆಯ ಕಚೇರಿ ಎಲ್ಲಿದೆ ಅಂತ. ಆಮೇಲೆ ಚಹಾ. ಆಮೇಲೆ ನೀರು. ದಸರೆ ಮುಗಿದು ಹೊಳೆ ತಿಳಿಯಾಗಿತ್ತು. ಬೆಳಗಾವಿಯಿಂದ ಯಮಕನಮರಡಿ, ಹತ್ತರಗಿ ದಾಟಿ ಹುಕ್ಕೇರಿಗೆ ಬಂದಾಗ ಕಚೇರಿ ಬಾಗಿಲು ಆಗಷ್ಟೇ ತೆರೆದಿತ್ತು.

ಒಳಗಿದ್ದ ಅಧಿಕಾರಿ ನಮ್ಮ ಚೀಲ ನೋಡಿದರು. "ಎಷ್ಟ ಗಾಳ ಅದಾವ್ರಿ? ಬಲಿ ಏನರ ಐತೇನ?" ಅಂದರು. ಬಲೆ ಇಲ್ಲ, ಎರಡೇ ಕೋಲು, ಹವ್ಯಾಸಕ್ಕೆ ಬಂದಿದ್ದೇವೆ ಅಂತ ಕಾಕಾ ಹೇಳಿದರು. ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು ಅಂತ ಅವರು ಒಂದು ಹಾಳೆಯ ಹಿಂದೆ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ಅಣೆಕಟ್ಟಿನ ಗೋಡೆಯ ಹತ್ತಿರ ಬೇಡ, ಕಾಲುವೆಯ ಬಾಯಿಯ ಹತ್ತಿರವೂ ಬೇಡ. ಲೈಸನ್ಸ್ ಪಡೆದ ಮೀನುಗಾರರು ಬಲೆ ಬಿಟ್ಟ ಕಡೆ ಗಾಳ ಎಸೆಯಬೇಡಿ ಅಂದರು. ದುಡ್ಡು ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಕಾಕಾ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಮೇಲಿನ ಜೇಬಿನಲ್ಲಿ ಇಟ್ಟುಕೊಂಡರು. ಚೀಲದ ತಳದಲ್ಲಿ ಇಟ್ಟರೆ ಕೇಳಿದಾಗ ಹುಡುಕಬೇಕು, ಹುಡುಕುವಾಗ ಮುಖ ಗಂಟಾಗುತ್ತದೆ ಅನ್ನೋದು ಅವರ ಲೆಕ್ಕ.

ಹಿಡಕಲ್ ಜಲಾಶಯಕ್ಕೆ ರಾಜಾ ಲಖಮಗೌಡರ ಹೆಸರಿದೆ. ಘಟಪ್ರಭೆಗೆ ಕಟ್ಟಿದ ಈ ಅಣೆಕಟ್ಟು 51 ಟಿಎಂಸಿ ನೀರು ಹಿಡಿಯುತ್ತದೆ. ತುಂಬಿದಾಗ ಹಿನ್ನೀರು ಹೊಲದ ಬದುಗಳವರೆಗೂ ಬರುತ್ತದೆ. ನಾವು ಒಂದು ಜಾಲಿ ಗಿಡದ ನೆರಳಲ್ಲಿ ಕೂತೆವು. ಕಾಕಾ ಜೋಳದ ದಂಟಿನ ಬೆಂಡನ್ನು ಬೆರಳುದ್ದ ಕತ್ತರಿಸಿ, ನೀರಿನ ಮೇಲೆ ತೇಲಲಿ ಅಂತ ದಾರಕ್ಕೆ ಕಟ್ಟಿದರು. ಅಂಗಡಿಯ ಪ್ಲಾಸ್ಟಿಕ್ ಬೆಂಡು ಅವರಿಗೆ ಆಗಿಬರಲ್ಲ. ಗಾಳಕ್ಕೆ ಸಿಕ್ಕಿಸಲು ಶೇಂಗಾ ಹಿಂಡಿಗೆ ಕಡ್ಲಿಹಿಟ್ಟು ಕಲಸಿ ಉಂಡೆ ಮಾಡಿದ್ದೆವು.

ಸಂಜೆ ಮುಂದಾಗಿ ಒಬ್ಬರು ಬೈಕ್ ನಿಲ್ಲಿಸಿ ದಂಡೆಗೆ ಇಳಿದು ಬಂದರು. ಐದಾರು ಹೆಜ್ಜೆ ದೂರದಲ್ಲೇ ನಿಂತರು.

"ನಮಸ್ಕಾರ್ರಿ ಹಿರ್ಯಾರ. ನಾ ಮೀನುಗಾರಿಕೆ ಇಲಾಖೆಯವ. ಇದ ನನ್ನ ಕಾರ್ಡ್. ಪರವಾನಗಿ ಒಂದ ನೋಡೂಣೇನ್ರಿ?"

ಕಾಕಾ ದಾರ ಸುತ್ತಿ ಕೋಲು ಕೆಳಗಿಟ್ಟು ಎದ್ದು ನಿಂತರು. "ನಮಸ್ಕಾರ್ರಿ ಸಾಹೇಬ್ರ" ಅಂತ ಜೇಬಿನಿಂದ ಕವರ್ ತೆಗೆದು ಕೊಟ್ಟರು. ಅವರು ಕೇಳುವ ಮೊದಲೇ ನಾನು ಮೀನಿನ ಬುಟ್ಟಿಯ ಮುಚ್ಚಳ ತೆಗೆದೆ. ಎರಡು ಜಿಲೇಬಿ ಮೀನು, ಒಂದು ರೋಹು. ಅವರು ರಸೀದಿಯ ದಿನಾಂಕ ನೋಡಿದರು, ಬುಟ್ಟಿ ನೋಡಿದರು, ಕಾಗದ ವಾಪಸ್ ಕೊಟ್ಟರು. ಅಷ್ಟೇ ಕೆಲಸ. ಹೋಗುವ ಬದಲು ಅಲ್ಲೇ ಕೂತು ಹಿಂಡಿಗೆ ಏನು ಕಲಸಿದ್ದೀರಿ ಅಂತ ಕೇಳಿದರು. ಆಮೇಲೆ ಮಾತು ಮುಗಿಯಲೇ ಇಲ್ಲ.

ಇಷ್ಟು ಸಣ್ಣ ಸಂಗತಿಯನ್ನು ಯಾಕೆ ಇಷ್ಟು ಬಿಡಿಸಿ ಬರೀತಿದ್ದೀನಿ ಅಂದರೆ, ಇದೇ ಕ್ಷಣ ಬೇರೆ ಕಡೆ ಕೆಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಸರು ಬೇಡ, ಒಂದು ಕೆರೆ ಅಂತಿರಲಿ. ಒಬ್ಬ ಬಂದವನೇ "ಏಯ್, ಯಾರ ಹೇಳಿದ್ರಲೇ ಇಲ್ಲಿ ಕುಂದ್ರಾಕ?" ಅಂದ. ಕಾರ್ಡ್ ತೋರಿಸಲಿಲ್ಲ, ಇಂಥ ನಿಯಮ ಅಂತ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗರೂ ಸುಮ್ಮನಿರಲಿಲ್ಲ. "ನಾ ಯಾರ ಗೊತ್ತೈತೇನ ನಿನಗ?" ಅಂತ ಒಬ್ಬ ಫೋನ್ ತೆಗೆದು ಯಾರೋ ದೊಡ್ಡವರಿಗೆ ಹಚ್ಚಿದ. ಆ ಫೋನ್ ಮುಗಿಯುವ ಹೊತ್ತಿಗೆ ನಿಯಮದ ಮಾತೇ ಹೋಗಿತ್ತು. ಯಾರ ವಶೀಲಿ ದೊಡ್ಡದು ಅನ್ನೋದಷ್ಟೇ ಉಳಿದಿತ್ತು. ಕೊನೆಗೆ ಬುಟ್ಟಿಯ ದೊಡ್ಡ ಮೀನು ಬಂದವನ ಬೈಕಿನ ಡಿಕ್ಕಿ ಸೇರಿತು. ರಸೀದಿ ಇಲ್ಲ, ಪಂಚನಾಮೆ ಇಲ್ಲ. ಹುಡುಗರ ಬಳಿ ಪರವಾನಗಿ ಇರಲಿಲ್ಲ, ಬಂದವನ ಬಳಿ ಮರ್ಯಾದೆ ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಮೊದಲ ಮಾತನ್ನು ನೆಟ್ಟಗೆ ಆಡಿದ್ದರೂ ಅದು ಅಲ್ಲಿಗೆ ಹೋಗುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಎರಡನೇ ದಿನ: ಧೂಪದಾಳ, ಗೋಕಾಕ

ಧೂಪದಾಳದಲ್ಲಿ ಗಾಳ ಕಾರಿನಿಂದ ಇಳಿಯಲೇ ಇಲ್ಲ. ಘಟಪ್ರಭೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಅಲ್ಲಿದೆ. ಅದರ ಹಿನ್ನೀರು ಈಗ ಘಟಪ್ರಭಾ ಪಕ್ಷಿಧಾಮ. ಅಲ್ಲಿ ಮಾತು ಅರಣ್ಯ ಇಲಾಖೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುವ ಜಾಗ. ಮೀನುಗಾರಿಕೆ ಇಲಾಖೆಯ ರಸೀದಿ ತೋರಿಸಿ ಅಲ್ಲಿ ಕೂರಲು ಆಗುವುದಿಲ್ಲ.

ಗಾಳ ಹಿಡಿದವರಿಗೆ ಸಿಟ್ಟು ಬರುವುದು ಎಷ್ಟೋ ಸಲ ಇಲ್ಲೇ. ಒಂದೇ ಹೊಳೆಯ ದಂಡೆಯಲ್ಲಿ ನೀರು ನೀರಾವರಿ ನಿಗಮದ್ದು, ಮೀನು ಮೀನುಗಾರಿಕೆ ಇಲಾಖೆಯದು, ಹಕ್ಕಿ ಅರಣ್ಯ ಇಲಾಖೆಯದು. ಊರ ಕೆರೆಯಾದರೆ ಅದನ್ನು ಗುತ್ತಿಗೆ ಹಿಡಿದ ಸಹಕಾರ ಸಂಘದವರೂ ಇರುತ್ತಾರೆ. "ಅಲ್ಲಿ ಕೊಟ್ಟಾರ, ಇಲ್ಲಿ ಯಾಕ ಬ್ಯಾಡ ಅಂತೀರಿ?" ಅಂತ ಕಾವಲುಗಾರನ ಮೇಲೆ ಹರಿಹಾಯ್ದರೆ ಅವನೇನು ಮಾಡಬೇಕು? ನಿಯಮ ಅವನು ಬರೆದದ್ದಲ್ಲ. ಬಿಸಿಲಲ್ಲಿ ನಿಂತು ಅದನ್ನು ಹೇಳುವ ಕೆಲಸ ಮಾತ್ರ ಅವನದು.

ಅಲ್ಲಿನ ಕಾವಲುಗಾರರು ನಮ್ಮನ್ನು ಒಡ್ಡಿನ ಹತ್ತಿರ ಒಂದು ಕಡೆ ನಿಲ್ಲಿಸಿ ಬೆಳ್ಳಕ್ಕಿಗಳ ಗುಂಪು ತೋರಿಸಿದರು. ಚಳಿ ಹೆಚ್ಚಾದ ಮೇಲೆ ಬನ್ನಿ, ಕರಕರ ಕೊಕ್ಕರೆಗಳು ಬಂದಿರುತ್ತವೆ ಅಂದರು. ಗೋಕಾಕ ಜಲಪಾತ ಹತ್ತಿರದಲ್ಲೇ ಇದೆ. 52 ಮೀಟರ್ ಎತ್ತರದಿಂದ ಘಟಪ್ರಭೆ ಬೀಳುತ್ತದೆ. ರಜೆಯ ಜನಜಂಗುಳಿ ಇತ್ತು. ಸ್ವಲ್ಪ ಹೊತ್ತು ನಿಂತು, ಕರದಂಟು ಕಟ್ಟಿಸಿಕೊಂಡು ಹೊರಟೆವು. ರಾತ್ರಿ ಬಾಗಲಕೋಟೆ.

ಮೂರನೇ ದಿನ: ಅನಗವಾಡಿ, ಬಾಗಲಕೋಟೆ ಹಿನ್ನೀರು

ಈ ದಿನಕ್ಕಾಗಿಯೇ ಕಾಕಾ ಇಷ್ಟು ದೂರ ಬಂದಿದ್ದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟು ತುಂಬಿದಾಗ ಹಿನ್ನೀರು ಘಟಪ್ರಭೆಯ ಒಳಗೂ ನುಗ್ಗಿ ಅನಗವಾಡಿ ಸೇತುವೆಯ ಎರಡೂ ಬದಿ ಕಣ್ಣು ಹಾಯುವಷ್ಟು ದೂರ ನಿಲ್ಲುತ್ತದೆ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಈ ನೀರಿಗೆ ಹೋಗಿ ಊರು ನವನಗರಕ್ಕೆ ಎದ್ದು ಬಂತು. ಹೊಲ ಕಳೆದುಕೊಂಡವರ ದುಃಖ ಇನ್ನೂ ಹಾಗೇ ಇದೆ. ಈ ನೀರಿನಿಂದಲೇ ಅನ್ನ ಕಂಡುಕೊಂಡವರೂ ಇದ್ದಾರೆ, ಹರಿಗೋಲಿನ ಮೀನುಗಾರರು.

ಬೆಳಿಗ್ಗೆ ಆರಕ್ಕೆ ದಂಡೆಯಲ್ಲಿ ಒಬ್ಬ ಅಜ್ಜ, ಅವರ ಸೊಸೆ ಬಲೆಯಿಂದ ಮೀನು ಬಿಡಿಸುತ್ತಿದ್ದರು. ಅಂಬಿಗರ ಮನೆಯವರು. ಅಜ್ಜ ಲೈಸನ್ಸನ್ನು ಗುಟ್ಕಾ ಡಬ್ಬಿಯೊಳಗೆ ಮಡಚಿ ಇಟ್ಟುಕೊಂಡಿದ್ದರು. ನಾವು ಅವರ ಹತ್ತಿರ ಹೋಗಿ ಎಲ್ಲಿ ಬಲೆ ಬಿಟ್ಟಿದ್ದೀರಿ ಅಂತ ಮೊದಲು ಕೇಳಿದೆವು. ಅವರು ನೀರಿನ ಮೇಲೆ ತೇಲುತ್ತಿದ್ದ ಖಾಲಿ ಬಾಟಲಿಗಳನ್ನು ತೋರಿಸಿದರು. "ಆ ಬಾಟ್ಲಿ ಸಾಲಿನಿಂದ ಈ ಕಡೆ ಕುಂದರ್ರಿ ಅಕ್ಕಾರ. ನಿಮ್ಮ ಗಾಳ ನನ್ನ ಬಲಿಗೆ ಸಿಕ್ಕರ ಇಬ್ಬರದೂ ಹರೀತೈತಿ."

ಇಲಾಖೆಯ ಮೇಲ್ವಿಚಾರಕರು ಬಂದಾಗ ಎಂಟು ಗಂಟೆ ಆಗಿರಬೇಕು. ಅವರು ಮೊದಲು ಹೋದದ್ದು ಅಜ್ಜನ ಹತ್ತಿರ. ನಿಂತೇ ಮಾತಾಡಲಿಲ್ಲ, ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಬಲೆಯ ಒಂದು ತುದಿ ಎತ್ತಿ ಬೆರಳು ತೂರಿಸಿ ಕಣ್ಣಿನ ಅಗಲ ನೋಡಿದರು. ಬಲೆಯ ಮೂಲೆಯಲ್ಲಿ ಒಂದು ತುಂಡು ಬೇರೆ ಇತ್ತು. ಕಣ್ಣು ತೀರಾ ಸಣ್ಣ, ಸೊಳ್ಳೆ ಪರದೆಯ ಹಾಗೆ.

"ಅಜ್ಜಾ, ಇದ್ಯಾವಾಗ ಹೊಲಿದಿ?"

ಅಜ್ಜ ಮಾತಾಡಲಿಲ್ಲ. ಸೊಸೆ ಹೇಳಿದಳು, "ಹರದಿತ್ರಿ ಸಾಹೇಬ್ರ. ಕೈಗೆ ಸಿಕ್ಕಿದ್ದ ಹಚ್ಚೇವಿ."

ಮೇಲ್ವಿಚಾರಕರು ಬೈಯಲಿಲ್ಲ. ಅದೇ ತುಂಡಿನಲ್ಲಿ ಸಿಕ್ಕಿದ್ದ ಹೆಬ್ಬೆರಳುದ್ದದ ಮರಿಗಳನ್ನು ಅಂಗೈಗೆ ಹಾಕಿಕೊಂಡು ಅಜ್ಜನಿಗೇ ತೋರಿಸಿದರು. ಇಲಾಖೆ ಬಿಟ್ಟ ಮರಿ ಇವೇ ಇರಬಹುದು, ಮುಂದಿನ ವರ್ಷ ಒಂದೊಂದೂ ಕಿಲೋಗಟ್ಟಲೆ ಆಗಿ ನಿನಗೇ ಸಿಗುತ್ತಿತ್ತು ಅಂದರು. ಆಮೇಲೆ ನಿಯಮ ಹೇಳಿದರು. ಆ ತುಂಡನ್ನು ಕತ್ತರಿಸಿ ತೆಗೆಯಲೇಬೇಕು, ಇವತ್ತೇ, ನನ್ನ ಮುಂದೆಯೇ. ಇನ್ನೊಮ್ಮೆ ಕಂಡರೆ ಬಲೆ ಜಪ್ತಿ ಮಾಡಿ ಬರೆದುಕೊಳ್ಳುತ್ತೇನೆ ಅಂತಲೂ ಸ್ಪಷ್ಟವಾಗಿ ಹೇಳಿದರು. ಸೊಸೆ ಕುಡಗೋಲು ತಂದು ಕತ್ತರಿಸಿದಳು. ಅಜ್ಜ ಒಂದು ಬುಟ್ಟಿ ಮೀನು ತೆಗೆದು "ಮನಿಗೆ ಒಯ್ಯರಿ" ಅಂತ ಮುಂದೆ ಇಟ್ಟರು. ಮೇಲ್ವಿಚಾರಕರು ಬುಟ್ಟಿಯನ್ನು ವಾಪಸ್ ಸರಿಸಿ, "ನೀ ಮಾರು ಅಜ್ಜಾ, ಬೇಕಾದ್ರ ನಾ ಪ್ಯಾಟ್ಯಾಗ ರೊಕ್ಕ ಕೊಟ್ಟ ತಗೋತೀನಿ" ಅಂದರು.

ಸಡಿಲ ಬಿಡಲಿಲ್ಲ, ಅವಮಾನವನ್ನೂ ಮಾಡಲಿಲ್ಲ. ಒಳ್ಳೆ ಅಧಿಕಾರಿ ಅಂದರೆ ಕಣ್ಣು ಮುಚ್ಚಿಕೊಂಡು ಹೋಗುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಒಳ್ಳೆತನ ಅಲ್ಲ. ಅವತ್ತು ಕಣ್ಣು ಮುಚ್ಚಿದ್ದರೆ ಅಜ್ಜನ ಮುಂದಿನ ವರ್ಷದ ಗಳಿಕೆಯೇ ಹೋಗುತ್ತಿತ್ತು.

ನಂತರ ನಮ್ಮ ಸರದಿ. ಕಾಗದ ನೋಡಿ ಆದ ಮೇಲೆ ಕಾಕಾ ಮುಂಗಾರಿನ ವಿಷಯ ತೆಗೆದರು. ಮಳೆಗಾಲದ ಶುರುವಿನಲ್ಲಿ ಮೀನು ಹಿಡಿಯಬೇಡಿ ಅಂತ ಯಾಕೆ ಅಷ್ಟು ಬಿಗಿ ಮಾಡುತ್ತೀರಿ ಅಂತ ಕೇಳಿದರು. ಮೇಲ್ವಿಚಾರಕರಿಗೆ ಇದು ಇಷ್ಟದ ವಿಷಯ ಅಂತ ಕಾಣುತ್ತದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. ಹೊಸ ಮಳೆಯ ಕೆಂಪು ನೀರು ಹರಿದು ಬಂದಾಗ ಹೊಳೆಯ ಎದುರಿಗೆ ಏರಿ ಹೋಗುತ್ತವೆ. ಆಗ ಹೊಟ್ಟೆ ತುಂಬಾ ಮೊಟ್ಟೆ, ಒಂದೊಂದು ತಾಯಿ ಮೀನಿನಲ್ಲಿ ಲಕ್ಷಗಟ್ಟಲೆ. ಹಳ್ಳದ ಬಾಯಿಯಲ್ಲಿ ದೊಣ್ಣೆ ಹಿಡಿದು ನಿಂತರೂ ಸಿಗುತ್ತವೆ, ಅಷ್ಟು ಸುಲಭ. ಜನ ಹಬ್ಬದ ಹಾಗೆ ಮುಗಿಬೀಳುವುದೂ ಆಗಲೇ. ಈ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಹೊಂಡದಲ್ಲಿ ಮೊಟ್ಟೆ ಇಡಿಸುವುದನ್ನು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಕಟಕ್‌ನಲ್ಲಿ ಸಾಧಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಮಾಡುವುದು ಅದಕ್ಕೇ. ಇವತ್ತು ಜಲಾಶಯಕ್ಕೆ ಬಿಡುವ ಬಿತ್ತನೆ ಮರಿಗಳೆಲ್ಲ ಆ ವಿದ್ಯೆಯಿಂದ ಬಂದವು. "ಹೊಳ್ಯಾಗ ತಾವ ಇಟ್ಟ ಮೊಟ್ಟಿಗೆ ಮಾತ್ರ ರೊಕ್ಕ ಬೀಳೂದಿಲ್ಲ ನೋಡ್ರಿ. ಅವನ್ನ ಉಳಿಸಿದ್ರ ಸಾಕು" ಅಂದರು.

ಕಾಕಾ ತಲೆಯಾಡಿಸಿದರು. ಕಾರಣ ಗೊತ್ತಾದ ಮೇಲೆ ನಿಯಮ ಪಾಲಿಸುವುದು ಕಷ್ಟ ಅನಿಸುವುದಿಲ್ಲ. ಬರೀ "ಬಂದ್" ಅಂತ ಬೋರ್ಡ್ ಹಾಕಿದರೆ ಜನ ಬೋರ್ಡಿನ ಹಿಂದೆ ಕೂರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಾಳಕ್ಕೆ ಒಂದು ಸಣ್ಣ ಗೆಂಡೆ ಬಿತ್ತು. ಬಿಡೋಣ ಅಂದೆ. ಮೇಲ್ವಿಚಾರಕರು ಇನ್ನೂ ಅಲ್ಲೇ ಇದ್ದರು. ಅವರು ಮೊದಲು ತಮ್ಮ ಕೈಯನ್ನು ಮಣಿಕಟ್ಟಿನವರೆಗೆ ನೀರಲ್ಲಿ ಅದ್ದಿದರು, ನನಗೂ ಅದ್ದಲು ಹೇಳಿದರು. ಮೀನಿನ ಮೈಮೇಲೆ ಲೋಳೆ ಇರುತ್ತದಲ್ವಾ, ಅದೇ ಅದರ ಕವಚ. ಒಣ ಕೈಯಲ್ಲಿ ಹಿಡಿದರೆ ಲೋಳೆ ಕೈಗೆ ಬರುತ್ತದೆ, ಬಿಟ್ಟ ಮೀನಿಗೆ ಆಮೇಲೆ ಹುಣ್ಣಾಗುತ್ತದೆ. ಮೀನನ್ನು ನೀರೊಳಗೇ ಇಟ್ಟುಕೊಂಡು ಸಣ್ಣ ಇಕ್ಕಳದಿಂದ ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆದರು. ಗಾಳದ ತುದಿಯ ಹಿಮ್ಮುಳ್ಳನ್ನು ಅದೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಕೊಟ್ಟರು. ಗೆಂಡೆ ಅವರ ಎರಡು ಕೈಗಳ ನಡುವೆ ಸ್ವಲ್ಪ ಹೊತ್ತು ಕಿವಿರು ಆಡಿಸಿತು. ಆಮೇಲೆ ಬಾಲ ಬೀಸಿ ಹೋಯಿತು.

ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತು: ಸೊಂಟದವರೆಗೆ ನೀರಿಗೆ ಇಳಿದು ನಿಲ್ಲಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಹಿಡಿದ ಮೀನಿನ ಕರುಳು ತೆಗೆದು ಕೂತ ಜಾಗದಲ್ಲೇ ನೀರಿಗೆ ಎಸೆಯಬೇಡಿ. ಇದು ಯಾವ ರಸೀದಿಯ ಹಿಂದೆಯೂ ಬರೆದಿರುವುದಿಲ್ಲ. ಮಾತು ಚೆನ್ನಾಗಿದ್ದರೆ ಮಾತ್ರ ಸಿಗುತ್ತದೆ.

ನಾಲ್ಕನೇ ದಿನ: ಆಲಮಟ್ಟಿ

1964ರಲ್ಲಿ ಶಾಸ್ತ್ರೀಜಿ ಅಡಿಗಲ್ಲು ಹಾಕಿದ್ದಕ್ಕೆ ಈ ಜಲಾಶಯಕ್ಕೆ ಅವರದೇ ಹೆಸರು, ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. 519.60 ಮೀಟರ್ ಮಟ್ಟಕ್ಕೆ 123 ಟಿಎಂಸಿ ನೀರು. 26 ಗೇಟುಗಳು. ಉದ್ಯಾನ ನೋಡಲು ಬಸ್ಸುಗಟ್ಟಲೆ ಶಾಲಾ ಮಕ್ಕಳು ಬಂದಿದ್ದರು.

ಅಣೆಕಟ್ಟಿನ ಕೆಳಗೆ ನೀರು ಧುಮುಕುವ ಜಾಗದಲ್ಲಿ ಮೀನು ಜಾಸ್ತಿ ಇರುತ್ತದೆ ಅಂತ ಗಾಳ ಹಿಡಿದವರಿಗೆಲ್ಲ ಗೊತ್ತು. ಅದು ಕಟ್ಟುನಿಟ್ಟಾಗಿ ನಿಷೇಧದ ಜಾಗ. ಅಲ್ಲಿನ ಭದ್ರತಾ ಸಿಬ್ಬಂದಿ ಇಬ್ಬರು ಹುಡುಗರನ್ನು ಬಂಡೆಯ ಮೇಲಿಂದ ಎಬ್ಬಿಸಿ ಕರೆದುಕೊಂಡು ಬರುತ್ತಿದ್ದರು. ಹುಡುಗರು ಗೊಣಗುತ್ತಿದ್ದರು. ಕಾಕಾ ಅವರನ್ನು ಚಹಾದಂಗಡಿಗೆ ಕರೆದರು.

"ತಮ್ಮಾ, ಸೈರನ್ ಕೇಳಿ ಎಷ್ಟ ದೂರ ಓಡಾಕ ಆಗತೈತಿ ನಿನ್ನಿಂದ?" ಅಂತ ಕೇಳಿದರು. ಮೇಲಿನಿಂದ ಒಳಹರಿವು ಏರಿದರೆ ಗೇಟು ಎತ್ತುತ್ತಾರೆ. ಸೈರನ್ ಆದ ಮೇಲೆ ಬಂಡೆಯಿಂದ ಬಂಡೆಗೆ ಹಾರಿ ದಡ ಸೇರಲು ಸಮಯ ಇರುವುದಿಲ್ಲ. ಎಬ್ಬಿಸಿ ಕಳಿಸಿದವರು ನಿಮ್ಮ ಮೀನು ಕಸಿದುಕೊಳ್ಳಲು ಬಂದವರಲ್ಲ ಅಂತ ಕಾಕಾ ನಿಧಾನವಾಗಿ ಹೇಳಿದರು. ಒಬ್ಬ ಹುಡುಗ ಎದ್ದು ಹೋಗಿ ಆ ಸಿಬ್ಬಂದಿಗೂ ಒಂದು ಚಹಾ ಕೊಟ್ಟು ಬಂದ. ನನಗೆ ತುಂಬಾ ಸಂತೋಷವಾಯಿತು.

ಮಧ್ಯಾಹ್ನ ಅನುಮತಿ ಇದ್ದ ಕಡೆ ಹಿನ್ನೀರಿನಲ್ಲಿ ಕೂತೆವು. ಎರೆಹುಳು ಹಾಕಿದ್ದ ಕಾಕಾನ ಗಾಳಕ್ಕೆ ಭಾರಿ ಎಳೆತ. ಮೇಲೆ ಬಂದದ್ದು ಮೀಸೆಯ ಮೀನು. ಚಪ್ಪಟೆ ತಲೆ, ಮೈಮೇಲೆ ಮೋಡದಂಥ ಕಪ್ಪು ಕಲೆ, ಮೂರು ಕಿಲೋಗೆ ಕಡಿಮೆ ಇರಲಿಲ್ಲ. ನಮ್ಮ ಊರಿನ ಮಾಗೂರ್ ಇಷ್ಟು ದೊಡ್ಡದಾಗುವುದಿಲ್ಲ. ಇದು ಆಫ್ರಿಕನ್ ಕ್ಯಾಟ್‌ಫಿಶ್ ಅಂತ ಇಬ್ಬರಿಗೂ ಅನುಮಾನ ಬಂತು. ಇದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ. ಆದರೂ ಅಲ್ಲಲ್ಲಿ ಕದ್ದು ಸಾಕುತ್ತಾರೆ, ಮಳೆಗೆ ಹೊಂಡ ಒಡೆದಾಗ ಹಳ್ಳಕ್ಕೆ ಬರುತ್ತದೆ. ಹಳ್ಳಕ್ಕೆ ಬಂದರೆ ಊರ ಮೀನಿನ ಮರಿ, ಕಪ್ಪೆ, ಏನನ್ನೂ ಬಿಡುವುದಿಲ್ಲ.

ವಾಪಸ್ ನೀರಿಗೆ ಬಿಡುವ ಪ್ರಶ್ನೆ ಇರಲಿಲ್ಲ. ಕಾಕಾ ಅದನ್ನು ಟವೆಲಿನ ಮೇಲೆ ಇಟ್ಟು ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದರು, ನಾನು ತಲೆಯ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದೆ. ಹಿಂದಿನ ದಿನದ ಮೇಲ್ವಿಚಾರಕರು ನಂಬರ್ ಕೊಟ್ಟಿದ್ದರು. ಜಾಗ, ಹೊತ್ತು, ಅಳತೆ ಬರೆದು ಕಳಿಸಿದೆವು. ಜಲಾಶಯದ ಉದ್ದಕ್ಕೂ ಇಲಾಖೆಯ ಜನ ಎಷ್ಟು ಕಡೆ ನಿಲ್ಲಲು ಆಗುತ್ತದೆ ಹೇಳಿ? ದಂಡೆಯಲ್ಲಿ ದಿನವಿಡೀ ಕೂರುವವರು ನಾವೇ. ಹಳ್ಳಕ್ಕೆ ವಿಷ ಹಾಕಿದ್ದು, ಸಿಡಿಮದ್ದು ಹಾಕಿ ಮೀನು ಕೊಂದದ್ದು ಮೊದಲು ಕಾಣುವುದೂ ನಮಗೇ. ಇವೆರಡೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕಂಡವರು ಹೇಳದಿದ್ದರೆ ಕಾಯ್ದೆ ಪುಸ್ತಕದಲ್ಲೇ ಇರುತ್ತದೆ. ಹೇಳಬೇಕಾದರೆ ಅಧಿಕಾರಿಯ ಮೇಲೆ ನಂಬಿಕೆ ಬೇಕು. ಹೇಳಿದವರ ಹೆಸರನ್ನು ಅವರು ಊರಲ್ಲಿ ಬಾಯಿ ಬಿಡಬಾರದು.

ಐದನೇ ದಿನ: ಕೊಲ್ಹಾರದ ದಾರಿ

ಬೆಳಿಗ್ಗೆ ಕೊಲ್ಹಾರದಲ್ಲಿ ಗಡಿಗೆ ಮೊಸರು, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೊಲ್ಹಾರದ ಮೊಸರನ್ನು ಗಡಿಗೆ ಬೋರಲು ಹಾಕಿದರೂ ಬೀಳದು ಅಂತಾರೆ, ಅಷ್ಟು ಗಟ್ಟಿ.

ಅಲ್ಲಿಯೇ ಮೇಲ್ವಿಚಾರಕರ ಫೋನ್ ಬಂತು. ಫೋಟೋ ನೋಡಿದ್ದೇನೆ, ನಿಮ್ಮ ಅನುಮಾನ ಸರಿ ಅಂದರು. ಆ ಜಾಗಕ್ಕೆ ಸೇರುವ ಹಳ್ಳದ ಮೇಲೆ ಯಾವುದಾದರೂ ಸಾಕಣೆ ಹೊಂಡ ಕಂಡಿತಾ ಅಂತ ಕೇಳಿದರು. ರಸ್ತೆಯಿಂದ ಒಳಗೆ ನೀಲಿ ಬಲೆ ಮುಚ್ಚಿದ ಎರಡು ಹೊಂಡ ಕಂಡಿದ್ದು ನನಗೆ ನೆನಪಿತ್ತು, ಹೇಳಿದೆ. ಅವು ಯಾರವು, ಒಳಗೆ ಏನಿದೆ ಅಂತ ನಮಗೆ ಗೊತ್ತಿಲ್ಲ ಅಂತಲೂ ಹೇಳಿದೆ. "ಗೊತ್ತಿಲ್ಲ ಅಂದ್ರಲ್ಲ, ಅದ ಚಲೋ ಆತ್ರಿ ಅಕ್ಕಾರ. ಸುಮ್ನ ಯಾರ ಹೆಸರರ ಹೇಳೂದ ಬ್ಯಾಡ. ನಾವ ಹೋಗಿ ನೋಡ್ತೇವಿ" ಅಂದರು.

ಕಾಕಾ ಫೋನ್ ಇಸಿದುಕೊಂಡು ಇನ್ನೊಂದು ವಿಷಯ ಎತ್ತಿದರು. ಹವ್ಯಾಸಕ್ಕೆ ಗಾಳ ಹಾಕುವವರಿಗೆ ನಿಯಮಗಳು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಸಿಗುವಂತೆ ಮಾಡಿ ಅಂದರು. ಎಲ್ಲಿ ಕೂರಬಹುದು, ಯಾವ ತಿಂಗಳು ಬೇಡ, ಯಾರಿಗೆ ದುಡ್ಡು ಕಟ್ಟಬೇಕು, ಜಪ್ತಿ ಮಾಡಿದರೆ ಯಾವ ಕಾಗದ ಕೇಳಿ ಪಡೆಯಬೇಕು, ಇಷ್ಟು ಸಾಕು. ಮೇಲ್ವಿಚಾರಕರು ನೀವೇ ಬರೆದು ಕೊಡಿ, ತಪ್ಪಿದ್ದರೆ ತಿದ್ದಿ ಮೇಲಿನವರಿಗೆ ಕಳಿಸುತ್ತೇನೆ ಅಂದರು.

ವಾಪಸ್ ಬರುವಾಗ ಕಾರಿನಲ್ಲಿ ಕಾಕಾ ಹೇಳುತ್ತಾ ಹೋದರು, ನಾನು ರಸೀದಿಯ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಮುಧೋಳ ಬರುವಷ್ಟರಲ್ಲಿ ಒಂದು ಹಾಳೆ ಸಾಲದು ಅಂತ ಗೊತ್ತಾಯಿತು. ಅಲ್ಲೇ ಒಂದು ಅಂಗಡಿಯಲ್ಲಿ ನೋಟ್‌ಬುಕ್ ತೆಗೆದುಕೊಂಡೆವು.